ಗೆಂಜಿರೊ ತಿರುವು

ನೀರು, ಮತ್ತೆ ನೀರು, ಒಂದರ ಪಕ್ಕ ಒಂದು ಕನ್ನಡಿ ಹಾಸಿಟ್ಟ ಹಾಗೆ ಗದ್ದೆಗಳು ಎಡಗಡೆ ಜಾರಿಹೋಗುತ್ತಿವೆ, ಒಂದರಲ್ಲಿ ಬೆಟ್ಟದ ನೆತ್ತಿಯ ಇನ್ನೂ ಕರಗದ ಹಿಮ, ಇನ್ನೊಂದರಲ್ಲಿ ಬರೀ ಆಕಾಶ, ಅದರಾಚೆಯದರಲ್ಲಿ ತಾನೇ ನಡೆಸುತ್ತಿರುವ ಎರಡು ಬೋಗಿಯ ರೈಲು ತಲೆಕೆಳಗಾಗಿ ಓಡುತ್ತಿದೆ — ನೀರು ಕಟ್ಟಿದ್ದಾರೆ, ನಾಟಿ ಇನ್ನೂ ಆಗಿಲ್ಲ, ಭಾನುವಾರ ಆದೀತು, ಮನೆಮಂದಿಯೆಲ್ಲ ಕೈಗೆ ಸಿಗುವುದು ಭಾನುವಾರವೇ — ಆದರೆ ಎಡಕ್ಕೆ ನೋಡಬಾರದು, ಕುತ್ತಿಗೆ ಹೊರಳಿದ್ದು ಹಿಂದೆ ನಿಂತವರಿಗೆ ಕಾಣುತ್ತದೆ, ಸಾವಾಕೊ ಬಿಳಿ ಕೈಗವಸಿನ ಬೆರಳನ್ನು ಗಾಜಿನ ಕಡೆಗೆ ಚಾಚಿ, ದೂರದ ಸಿಗ್ನಲ್ ಹಸಿರು, ಎಂದು ಕೂಗುತ್ತಾಳೆ, ಕೂಗಿದ್ದು ಯಾರಿಗೂ ಅಲ್ಲ, ತನಗೇ, ಕಣ್ಣು ನೋಡಿದ್ದನ್ನು ಬೆರಳು ತೋರಿಸಬೇಕು, ಬೆರಳು ತೋರಿಸಿದ್ದನ್ನು ಬಾಯಿ ಹೇಳಬೇಕು, ಬಾಯಿ ಹೇಳಿದ್ದನ್ನು ಕಿವಿ ಕೇಳಬೇಕು, ಆಗ ಮಾತ್ರ ನೋಡಿದ್ದು ನೋಡಿದ ಹಾಗೆ ಕಣಮ್ಮ, ಇಲ್ಲದಿದ್ರೆ ನೋಡಿದೆ ಅಂದ್ಕೊಂಡಿದ್ದು ಅಷ್ಟೇ, ಅಂತ ಮೊದಲ ದಿನವೇ ಹೇಳಿದವರು ಒಗಿವಾರಾ ಮೇಷ್ಟ್ರು, ಅವಳಿಗೆ ಈ ಕೆಲಸ ಕಲಿಸಿದವರು, ಈಗ ಬೆನ್ನ ಹಿಂದೆ, ಹೆಣ್ಣು ನೋಡಲು ಬಂದವರ ಮುಂದೆ ನಿಂತ ಅಪ್ಪನ ಹಾಗೆ ಉಸಿರು ಬಿಗಿಹಿಡಿದು ನಿಂತಿದ್ದಾರೆ, ಅವರ ಪಕ್ಕದಲ್ಲಿ ಸಾರಿಗೆ ಇಲಾಖೆಯಿಂದ ಬಂದ ಪರೀಕ್ಷಕ ಶಿನೊಹಾರಾ, ಮಾತಿಲ್ಲ, ಕೆಮ್ಮಿಲ್ಲ, ಪೆನ್ನಿನ ಸದ್ದು ಮಾತ್ರ, ಆ ಪೆನ್ನು ಎಲ್ಲಿ ಓಡುತ್ತದೆ ಎಲ್ಲಿ ನಿಲ್ಲುತ್ತದೆ ಎಂದು ಕೇಳಿಸಿಕೊಳ್ಳುವುದೇ ಒಂದು ಕೆಲಸ, ಮಾಡಬಾರದ ಕೆಲಸ. ಖಾಲಿ ರೈಲು, ಪರೀಕ್ಷೆಗೆಂದೇ ಬಿಟ್ಟದ್ದು, ಬೋಗಿಗಳಲ್ಲಿ ಪ್ರಯಾಣಿಕರಿಲ್ಲದ್ದರಿಂದ ನೇತಾಡುವ ಹಿಡಿಕೆಗಳೆಲ್ಲ ಒಟ್ಟಿಗೆ ಎಡಕ್ಕೆ ತೂಗಿ ಒಟ್ಟಿಗೆ ಬಲಕ್ಕೆ ತೂಗುವ ಸದ್ದು ಬರುತ್ತಿದೆ, ಇದು ಎರಡನೆಯ ಸಲ, ಮೂರನೆಯದು ಇಲ್ಲ, ಫೇಲಾದರೆ ಮತ್ತೆ ಅದೇ ಹಳೆಯ ಕೆಲಸ, ಅಂಗಡಿಯ ಮೀನಿನ ಕೌಂಟರು, ಐಸಿನ ಮೇಲೆ ಮಲಗಿದ ಬಂಗುಡೆಗಳು, ಕೈಗವಸು ಅಲ್ಲಿಯೂ ಇತ್ತು, ರಬ್ಬರಿನದು — ಇವಾಸೆ ನಿಲ್ದಾಣ, ನಿಲುಗಡೆ, ಎಂದು ಕೂಗಿದಳು, ಬ್ರೇಕು ಒಂದು ಹಿಡಿ, ಸ್ವಲ್ಪ ಬಿಡು, ಮತ್ತೆ ಹಿಡಿ, ತುಂಬಿದ ಬಟ್ಟಲನ್ನು ಅತಿಥಿಯ ಮುಂದೆ ಇಟ್ಟ ಹಾಗೆ ನಿಲ್ಲಿಸಬೇಕು, ನಿಂತಿತು, ಪೆನ್ನು ಓಡಿತು, ಚಿಕ್ಕದಾಗಿ ಓಡಿತು, ಒಳ್ಳೆಯದೇ ಇರಬೇಕು.

ಇವಾಸೆಯ ಪ್ಲಾಟ್‌ಫಾರ್ಮು ಯಾಕೆ ಇಷ್ಟುದ್ದ ಎಂದು ಅವಳು ಸೇರಿದ ಹೊಸದರಲ್ಲಿ ಕೇಳಿದ್ದಳು, ಎರಡು ಬೋಗಿಗೆ ಇಷ್ಟು ಉದ್ದ ಯಾಕೆ ಮೇಷ್ಟ್ರೇ, ಅದಕ್ಕೆ ಒಗಿವಾರಾ, ನಿನಗೆ ಪ್ರಶ್ನೆ ಜಾಸ್ತಿ, ಬ್ರೇಕು ಕಡಿಮೆ, ಎಂದಿದ್ದರು, ಆದರೆ ಮಧ್ಯಾಹ್ನ ಸೋಬಾ ಶಾವಿಗೆ ತಿನ್ನುವಾಗ ತಾವಾಗಿಯೇ ಬಾಯಿಬಿಟ್ಟರು, ಮನುಷ್ಯರಿಗಲ್ಲಮ್ಮ ಅದು, ಗೂಡಿಗೆ, ಈ ತೋಗಾವಾ ಲೈನು ಹಾಕಿದ್ದೇ ರೇಷ್ಮೆಗೂಡು ಸಾಗಿಸೋಕೆ, ಮೇಲಿನ ಹಳ್ಳಿಗಳಿಂದ ಗೂಡು ಕೆಳಗಿಳೀತಿತ್ತು, ಗಿರಣಿಯಿಂದ ನೂಲು ಮುಂದಕ್ಕೆ ಹೋಗ್ತಿತ್ತು, ಜೊತೆಗೆ ನೂಲು ತೆಗೆಯೋ ಹುಡುಗೀರು, ಹೋಗುವಾಗ ಅಳ್ತಾ ಹೋಗೋರು, ಬರುವಾಗ ಹೊಸ ಕಿಮೋನೊ ಉಟ್ಟು ಬರೋರು, ಆಮೇಲೆ ರೇಷ್ಮೆ ಬಿತ್ತು, ಸೇಬು ಬಂತು, ಸೇಬು ಲಾರಿ ಹತ್ತಿತು, ಸ್ಕೂಲಿನ ಮಕ್ಕಳು ಉಳಿದರು, ಅವರೂ ಈಗ ಹುಟ್ಟೋದು ಬಿಟ್ಟಿದಾರೆ. ಹೊರಡು, ಹಸಿರು, ಎಂದು ಕೂಗಿದಳು. ಈ ಬೋಗಿ ಟೋಕಿಯೊದಲ್ಲಿ ಓಡಿ ಓಡಿ ಹಳೆಯದಾದ ಮೇಲೆ ಇಲ್ಲಿಗೆ ಬಂದದ್ದು, ಹಿಡಿಕೆಗಳ ಮೇಲೆ ಇನ್ನೂ ಅಲ್ಲಿನ ಯಾವುದೋ ದೊಡ್ಡ ಅಂಗಡಿಯ ಹೆಸರಿದೆ, ಬೇಸಿಗೆಯಲ್ಲಿ ಇದೇ ಬೋಗಿಗೆ ಗಾಳಿಗಂಟೆ ಕಟ್ಟಿ ಬಿಯರು ಕುಡಿಸುತ್ತಾರೆ, ಚಳಿಗಾಲದಲ್ಲಿ ಕಾಲು ಬೆಚ್ಚಗಿಡುವ ಮೇಜು ಹಾಕಿ ಬಿಸಿ ಸಾರಿನ ಓಡೆನ್ ಉಣಿಸುತ್ತಾರೆ, ಪ್ರತಿ ನಿಲ್ದಾಣದಲ್ಲೂ ರೈಲು ಹತ್ತಿ ಉಳಿಸಿ, ಹತ್ತಿ ಉಳಿಸಿ ಎಂದು ಬಣ್ಣ ಮಾಸಿದ ಬಟ್ಟೆ ಬಡಿದುಕೊಳ್ಳುತ್ತದೆ, ಹತ್ತುವವರು ಹತ್ತುತ್ತಾರೆ, ಓಡಿಸುವವರು ಬೇಕಲ್ಲ, ಹೋದ ಶರತ್ಕಾಲದಲ್ಲಿ ಇಬ್ಬರು ಡ್ರೈವರು ನಿವೃತ್ತರಾದರು, ಸಂಜೆಯ ರೈಲುಗಳಲ್ಲಿ ಅರ್ಧ ನಿಂತವು, ಈ ಸಲ ಅವಳಿಗೆ ಪರವಾನಗಿ ಸಿಗದಿದ್ದರೆ ಬೆಳಗಿನ ಮೊದಲ ರೈಲೂ ನಿಂತುಹೋಗುತ್ತದೆ, ಅವಳ ಮಗಳು ಕೊಹಾರು ಹೈಸ್ಕೂಲಿಗೆ ಹೋಗುವುದು ಅದರಲ್ಲೇ, ಇವತ್ತು ಬೆಳಿಗ್ಗೆ ಶೂ ಕಟ್ಟಿಕೊಳ್ಳುತ್ತ, ಅಮ್ಮಾ, ನೀನು ಪಾಸಾದ್ರೂ ರೈಲಲ್ಲಿ ನನ್ನ ನೋಡಿ ಕೈ ಬೀಸಬೇಡ, ಎಂದಳು ಆ ಹುಡುಗಿ, ಪಾಸಾದ್ರೂ ಎಂದಳು, ಪಾಸಾದ್ರೆ ಎನ್ನಲಿಲ್ಲ, ಅದರಲ್ಲಿ ಏನಾದರೂ ಇದೆಯೇ — ಸೇತುವೆ, ಎಂದು ಕೂಗಿದಳು, ಕಬ್ಬಿಣದ ಸದ್ದು ಕಾಲಿನಿಂದ ಹಲ್ಲಿನವರೆಗೆ ಬಂತು, ಕೆಳಗೆ ಹೊಳೆ, ಹಿಮ ಕರಗಿದ ಬೂದುಬಣ್ಣದ ನೀರು, ಸೇತುವೆ ದಾಟಿದರೆ ಅವಳ ಊರಿನ ಬಯಲು, ಕುವಾನೊ, ಊರು ಎದುರಿಗೇ ಕಾಣುತ್ತದೆ, ಬಾವಿಯ ಮಾಡು, ದೇಗುಲದ ಕಪ್ಪು ಹೆಂಚು, ಹಳಿ ನೆಟ್ಟಗೆ ಹೋಗಿದ್ದರೆ ಪೋಸ್ಟಾಫೀಸಿನ ಮುಂದೆಯೇ ಇಳಿಯಬಹುದಿತ್ತು, ಹೋಗಲಿಲ್ಲ, ಬಲಕ್ಕೆ ಹೊರಳಿ, ಬಯಲಿನ ಅಂಚು ಹಿಡಿದು, ಮುನಿಸಿಕೊಂಡವಳ ಹಾಗೆ ಸುತ್ತು ಹಾಕಿ, ಊರಿನ ಬೆನ್ನ ಹಿಂದೆ ಗುಡ್ಡದ ಬುಡದಲ್ಲಿ ಹೋಗಿ ನಿಂತಿತು, ಊರಿನವರು ಮೂರು ತಲೆಮಾರಿನಿಂದ ಮಳೆಯಲ್ಲಿ ಹಿಮದಲ್ಲಿ ಅಷ್ಟು ದೂರ ನಡೆದುಕೊಂಡೇ ಸ್ಟೇಷನ್ನಿಗೆ ಹೋಗುತ್ತಿದ್ದಾರೆ, ಮಂಜುಗಡ್ಡೆಯ ಮೇಲೆ ಕಾಲು ಜಾರಿದಾಗೆಲ್ಲ ಒಂದೇ ಮಾತು, ಎಲ್ಲಾ ಆ ಗೆಂಜಿರೊನ ಕೃಪೆ.

ಗೆಂಜಿರೊ ಎಂದರೆ ಸಾವಾಕೊಳ ಮುತ್ತಜ್ಜ, ಅಜ್ಜಿ ತೋಕುವಿನ ಅಪ್ಪ, ರೇಷ್ಮೆಹುಳು ಸಾಕುತ್ತಿದ್ದವನು, ರೈಲಿನ ಹೊಗೆಗೆ ಹಿಪ್ಪುನೇರಳೆ ಸೊಪ್ಪು ಕೆಡುತ್ತದೆ, ಸದ್ದಿಗೆ ಹುಳು ಉಣ್ಣುವುದಿಲ್ಲ ಎಂದು ಚೂಪು ಬಿದಿರು ಹಿಡಿದು ಹೊಲದಲ್ಲಿ ನಿಂತು ರೈಲಿನವರನ್ನು ಅಟ್ಟಿದನಂತೆ, ಅವರು ಹೆದರಿ ಹಳಿಯನ್ನು ಬಗ್ಗಿಸಿಕೊಂಡು ಹೋದರಂತೆ, ಅದಕ್ಕೇ ಅದು ಗೆಂಜಿರೊ ತಿರುವು, ಊರಿನವರ ಬಾಯಲ್ಲೂ, ರೈಲಿನವರ ಬಾಯಲ್ಲೂ, ಸ್ಕೂಲಿನಲ್ಲಿ ಹುಡುಗರು ಗೋಡೆಗೆ ಅವಳನ್ನು ನಿಲ್ಲಿಸಿ, ನಿಮ್ಮ ಮನೆಗೆ ಬಸ್ಸು ಬಂದ್ರೂ ಅಟ್ತೀರೇನೇ, ಎನ್ನುತ್ತಿದ್ದರು, ಅವಳು ಡಿಪೋಕ್ಕೆ ಮೊದಲ ದಿನ ಹೋದಾಗ ಒಗಿವಾರಾ ಹೆಸರು ನೋಡಿ, ಊರು ನೋಡಿ, ಹುಬ್ಬೇರಿಸಿ, ಓಹೋ, ಅಟ್ಟಿದವರ ಮನೆಯವಳೇ ಓಡಿಸೋಕೆ ಬಂದ್ಯಾ ತಾಯಿ, ಬಾ ಬಾ, ಎಂದಿದ್ದರು, ನಗುತ್ತಲೇ, ಆದರೆ ಹೆಸರು ಅಂಟಿತು. ಫೆಬ್ರವರಿಯ ಪರೀಕ್ಷೆಯಲ್ಲಿ ಅದೇ ಮುಳುವಾಯಿತು, ಬಯಲೆಲ್ಲ ಹಿಮ, ಇಸ್ತ್ರಿ ಮಾಡಿ ಹಾಸಿದ ಬಿಳಿ ಚಾದರ, ವೇಗದ ಮುಳ್ಳಿಗೆ ಮುಚ್ಚಳ ಹಾಕಿದ್ದರು, ಮುಚ್ಚಳ ಹಾಕಿ, ಈಗ ವೇಗ ಎಷ್ಟು ಹೇಳಿ ಎನ್ನುತ್ತಾರೆ, ಮೈಯಿಂದಲೇ ಹೇಳಬೇಕು, ತಿರುವು ಬಂತು, ಬೆರಳು ಚಾಚಿದಳು, ಬಲ ತಿರುವು ಎಂದು ಕೂಗಬೇಕಾದಲ್ಲಿ ಡಿಪೋದ ಅಭ್ಯಾಸದಲ್ಲಿ, ಗೆಂಜಿರೊ ತಿರುವು, ಎಂದು ಕೂಗಿಬಿಟ್ಟಳು, ಶಿನೊಹಾರಾ ಅಷ್ಟು ಹೊತ್ತಿನ ಮೇಲೆ ಮೊದಲ ಸಲ ಬಾಯಿ ತೆಗೆದು, ಯಾರು ಗೆಂಜಿರೊ, ಎಂದರು, ನಮ್ಮ ಮುತ್ತಜ್ಜ ಸಾರ್, ರೈಲು ಅಟ್ಟಿದವರು, ಎಂದಳು, ಹಿಂದೆ ಒಗಿವಾರಾ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು, ಮರುಕ್ಷಣವೇ, ವೇಗ, ಎಂದರು ಪರೀಕ್ಷಕರು, ನಲವತ್ತೆಂಟು ಎಂದಳು, ಸಪಾಟು ಬಯಲಲ್ಲಿ ಅಷ್ಟಿರಲೇಬೇಕಿತ್ತು, ಮುಚ್ಚಳ ತೆಗೆದರೆ ಮುಳ್ಳು ಮೂವತ್ತೊಂಬತ್ತರ ಮೇಲೆ ಕೂತಿತ್ತು. ಯಾಕೆ, ಯಾಕೆ ಅಷ್ಟು ಕಡಿಮೆ, ಆ ಒಂದು ಯಾಕೆ ಮೂರು ತಿಂಗಳು ಅನ್ನದ ಬಟ್ಟಲಿನಲ್ಲೂ ಹಾಸಿಗೆಯಲ್ಲೂ ಅವಳ ಜೊತೆಯಲ್ಲಿತ್ತು, ಆಮೇಲೆ ಎಷ್ಟು ಸಲ ಇಲ್ಲಿ ಬಂದು ಹೋದರೂ ಮೈಗೆ ಬಡಿದದ್ದು ಕಣ್ಣಿಗೆ ಒಪ್ಪಿಗೆಯಾಗಲಿಲ್ಲ, ಕಣ್ಣು ಸಪಾಟು ಎನ್ನುತ್ತದೆ, ಬೆನ್ನು ಅಲ್ಲ ಎನ್ನುತ್ತದೆ — ಹಾರ್ನ್ ಇಲ್ಲ, ಎಂದು ಕೂಗಿದಳು, ಕಂಬದ ಮೇಲಿನ ಹಳೆಯ ಹಲಗೆಗೆ ಬೆರಳು ತೋರಿಸಿ, ಇದು ಈ ಲೈನಿನದೇ ಪದ್ಧತಿ, ಈ ಹಲಗೆಯಿಂದ ಆ ಹಲಗೆಯವರೆಗೆ ಸುಮ್ಮಸುಮ್ಮನೆ ಹಾರ್ನ್ ಒತ್ತುವ ಹಾಗಿಲ್ಲ, ಹುಳು ಪೊರೆ ಬಿಡೋ ಜ್ವರಕ್ಕೆ ಕೂತಿರ್ತವೆ, ಸದ್ದಾದರೆ ತಲೆ ಎತ್ತಿಬಿಡ್ತವೆ ಅಂತ ಆಗಿನವರು ಮಾತು ಕೊಟ್ಟಿದ್ದು, ಹುಳು ಹೋಗಿ ಕಾಲವಾಯ್ತು, ಮಾತು ಹೋಗಿಲ್ಲ, ಎಂದಿದ್ದರು ಒಗಿವಾರಾ, ಕಲಿಸುವಾಗ, ಆಗ ಅವಳು ಮೇಷ್ಟ್ರೇ ಎಂದು ಬಾಯಿ ತೆಗೆದಿದ್ದಳು, ಅವರು ಬೇಡ, ಕೇಳಬೇಡ ಎಂದು ಕೈ ಅಡ್ಡ ಹಿಡಿದಿದ್ದರು, ಕೇಳಬೇಕೆಂದಿದ್ದು ಇಷ್ಟೇ, ಭರ್ಜಿ ಹಿಡಿದು ಅಟ್ಟಿದವನಿಗೆ ಯಾರಾದರೂ ಮಾತು ಕೊಡುತ್ತಾರೆಯೇ.

ಎಡಗಡೆಯಿಂದ ಶಿನೊಹಾರಾ ಅವರ ಕೈ ಬಂತು, ತೆಳ್ಳನೆಯ ಕೈ, ಉಗುರು ಒಪ್ಪವಾಗಿ ಕತ್ತರಿಸಿದ ಕೈ, ಕಪ್ಪು ಮುಚ್ಚಳವನ್ನು ವೇಗದ ಮುಳ್ಳಿನ ಮೇಲೆ ಇಟ್ಟು ಹಿಂದಕ್ಕೆ ಹೋಯಿತು. ಅಂದರೆ ಇಲ್ಲಿಯೇ, ಮತ್ತೆ ಇಲ್ಲಿಯೇ, ಬೇಕೆಂದೇ ಇರಬಹುದು, ವಿದ್ಯುತ್ ಬಂದ್, ಎಂದು ಕೂಗಿ ಹಿಡಿಯನ್ನು ಹಿಂದಕ್ಕೆ ತಂದಳು, ಮೋಟಾರಿನ ಗುಂಯ್ ಸದ್ದು ಕಾಲಡಿಯಿಂದ ಜಾರಿಹೋಯಿತು, ಇನ್ನು ರೈಲು ತನ್ನ ಪಾಡಿಗೆ ತಾನು, ಹಳಿಯ ಮೇಲೆ ಬಿಟ್ಟ ದೋಣಿಯ ಹಾಗೆ, ಇಲ್ಲಿ ಕಣ್ಣಿಗೆ ಮೋಸ ಹೋಗಬಾರದು, ಆದರೆ ಕಣ್ಣಲ್ಲದೆ ಇನ್ನೇನಿದೆ, ಹಳಿಯ ಎರಡೂ ಕಡೆ ನೀರು, ತುಂಬಿದ ನೀರು, ಒಂದು ಗದ್ದೆ, ಬದು, ಇನ್ನೊಂದು ಗದ್ದೆ, ಬದು — ಬದು ಯಾಕೆ ಅಷ್ಟು ಎತ್ತರ, ಈ ಕಡೆಯಿಂದ ಮೊಣಕಾಲೆತ್ತರ, ಆ ಕಡೆ ನೀರಿಗೆ ಸಮ, ಮುಂದಿನದು ಇನ್ನೂ ಒಂದು ಮೊಣಕಾಲು ಮೇಲೆ, ಅದರಾಚೆಯದು ಇನ್ನೂ ಮೇಲೆ, ಕನ್ನಡಿಗಳು ಒಂದರ ಪಕ್ಕ ಒಂದಿಲ್ಲ, ಒಂದರ ಮೇಲೊಂದಿವೆ, ಊರಿನ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಿವೆ, ಹುಟ್ಟಿದಾಗಿನಿಂದ ನೋಡಿದ ಬಯಲು, ಬಯಲೇ ಅಲ್ಲ, ಹಿಮ ಮುಚ್ಚಿಟ್ಟಿದ್ದನ್ನು, ಪೈರು ಮುಚ್ಚಿಡುವುದನ್ನು, ನೀರು ಈ ಒಂದು ವಾರ ಬಿಚ್ಚಿ ತೋರಿಸುತ್ತದೆ, ನೀರಿಗೆ ಓರೆಯಾಗಿ ನಿಲ್ಲುವುದು ಗೊತ್ತಿಲ್ಲ, ಏರು, ಇದು ಏರು, ಬೆನ್ನು ಹೇಳಿದ್ದೇ ಸರಿ, ಗೂಡಿನ ಮೂಟೆ ಎಳೆಯುವ ಆಗಿನ ಬಡಪಾಯಿ ಎಂಜಿನ್ನು ನೆಟ್ಟಗೆ ಊರಿಗೆ ಹತ್ತುವುದು ಸಾಧ್ಯವೇ ಇರಲಿಲ್ಲ, ಸುತ್ತು ಹಾಕಲೇಬೇಕಿತ್ತು, ಹಳಿಯನ್ನು ಬಗ್ಗಿಸಿದ್ದು ನೆಲ, ಮನುಷ್ಯನಲ್ಲ, ಹಾಗಿದ್ದರೆ ಅವನು — ತಿರುವಿನ ಒಳಗಡೆ ಆ ಹಿಪ್ಪುನೇರಳೆ ಮರ ಬಂತು, ವರ್ಷ ವರ್ಷ ಸೊಪ್ಪಿಗಾಗಿ ಕಡಿದೂ ಕಡಿದೂ ತಲೆ ಮುಷ್ಟಿಯಾದ ಒಂಟಿ ಮರ, ಅಲ್ಲೇ ಕಣೇ, ಆ ಮರದ ಪಕ್ಕದಲ್ಲೇ ನಮ್ಮಪ್ಪ ಬಿದಿರು ಊರಿ ನಿಂತಿದ್ದು, ಎನ್ನುತ್ತಿದ್ದಳು ತೋಕು ಅಜ್ಜಿ, ಕೋಟ್ಯಂತರ ಸಲ ಹೇಳಿದ ಕಥೆ, ಹೇಳುವಾಗ ನಾಚಿಕೆಯಿಲ್ಲ, ಹೆಮ್ಮೆ, ರೈಲು ಬಗ್ಗಿಸಿದ ಕೈ ಕಣೇ ಅದು, ಬಿದಿರಿಗೆ ಗೇಣಿಗೊಂದು ಕೆಂಪು ಪಟ್ಟಿ, ಯುದ್ಧದ ಬಾವುಟದ ಹಾಗೆ, ದೂರದಲ್ಲಿ ಒಬ್ಬ ಬಿಳಿ ಬಟ್ಟೆ ಬೀಸಿದ, ಸೋತೆ ಅಂತ, ಅಪ್ಪ ಹತ್ತು ಹೆಜ್ಜೆ ಮುಂದೆ ಹೋಗಿ ಮತ್ತೆ ನಿಂತ, ಅವನು ಮತ್ತೆ ಬೀಸಿದ, ಅಪ್ಪ ಮತ್ತೆ ಮುಂದೆ ಹೋದ, ನಾನು ಇಷ್ಟೇ ಇದ್ದೆ, ಮಧ್ಯಾಹ್ನಕ್ಕೆ ಅನ್ನದುಂಡೆ ತಗೊಂಡು ಹೋದೆ, ಮಿಸೊ ಸವರಿ ಸುಟ್ಟಿದ್ದು, ಅಪ್ಪ ಬಿದಿರು ಕೆಳಗಿಡಲಿಲ್ಲ, ಕೈ ಬಿಡೋ ಹಾಗಿಲ್ಲ ಮಗಾ, ನೀನೇ ಬಾಯಿಗಿಡು, ಅಂದ, ತುದಿಗಾಲಲ್ಲಿ ನಿಂತು ನಾನೇ ತಿನ್ನಿಸಿದೆ.

ಕೈ ಬಿಡೋ ಹಾಗಿಲ್ಲ. ಹೊಡೆಯಲು ನಿಂತವನು ಉಣ್ಣುವ ಹೊತ್ತಿಗೆ ಆಯುಧ ಕೆಳಗಿಡುವುದಿಲ್ಲವೇ, ಇಡದವನು ಯಾರು, ಏಪ್ರಿಲ್ಲಿನಲ್ಲಿ ಇವಾಸೆಯ ಅಂಗಳದಲ್ಲಿ ಹಳಿ ರಿಪೇರಿಯವರು ಅಳತೆ ಹಿಡಿಯುತ್ತಿದ್ದರು, ಒಬ್ಬ ಪಟ್ಟಿ ಬಳಿದ ಉದ್ದ ಕೋಲು ಹಿಡಿದು ನಿಂತಿದ್ದ, ಇನ್ನೊಬ್ಬ ದೂರದಿಂದ ಕೊಳವೆಯಲ್ಲಿ ನೋಡಿ ಕೈ ಬೀಸುತ್ತಿದ್ದ, ಕೋಲಿನವನ ಮೂಗಿನ ಮೇಲೆ ನೊಣ, ಅವನು ಮುಖ ಕಿವುಚುತ್ತಾನೆ, ತುಟಿಯಿಂದ ಊದುತ್ತಾನೆ, ಕೈ ಎತ್ತುವುದಿಲ್ಲ, ಒಗಿವಾರಾ ನಕ್ಕು, ಅಳತೆಕೋಲು ಹಿಡಿದವನ ಪಾಡು ನೋಡಮ್ಮ, ಕೋಲು ಒಂದು ಕೂದಲೆಳೆ ವಾಲಿದರೆ ಬೆಟ್ಟವೇ ವಾಲಿದ ಲೆಕ್ಕ, ಎಂದಿದ್ದರು, ಅವಳೂ ನಕ್ಕಿದ್ದಳು, ಸುಮ್ಮನೆ ನಕ್ಕು ಮರೆತಿದ್ದಳು, ಕೆಂಪು ಪಟ್ಟಿ, ಬಿಳಿ ಬಟ್ಟೆ, ಹತ್ತು ಹೆಜ್ಜೆ ಮುಂದೆ, ಗದ್ದೆಯಿಂದ ಗದ್ದೆಗೆ ಒಂದೊಂದು ಮೊಣಕಾಲು ಮೇಲೆ — ಬಲ ತಿರುವು, ಎಂದು ಕೂಗಿದಳು, ಬೆರಳು ನೆಟ್ಟಗೆ ಚಾಚಿ ಬಲ ತಿರುವು ಎಂದೇ ಕೂಗಿದಳು, ಚಕ್ರದ ಅಂಚು ಹಳಿಗೆ ಉಜ್ಜಿ ಸಣ್ಣಗೆ ಅತ್ತಿತು, ಕೀಲುಗಳ ಸದ್ದು ಟಕಟಕ ಎನ್ನುತ್ತಿದ್ದುದು ಟಕ, ಟಕ ಎಂದು ನಿಧಾನವಾಗುತ್ತಿದೆ, ಮರ ಸರಿಯುವುದೂ ಸಾವಧಾನ, ನೆಲ ರೈಲನ್ನು ಹಿಂದಿನಿಂದ ಸೆರಗು ಹಿಡಿದು ಎಳೆಯುತ್ತಿದೆ, ವೇಗ, ಎಂದರು ಶಿನೊಹಾರಾ, ನಲವತ್ತೊಂದು, ಎಂದಳು, ಕಣ್ಣು ನಲವತ್ತೆಂಟು ಎನ್ನುತ್ತಲೇ ಇತ್ತು, ಇರಲಿ. ತೆಳ್ಳನೆಯ ಕೈ ಮತ್ತೆ ಬಂತು, ಮುಚ್ಚಳ ಎತ್ತಿತು, ಮುಳ್ಳು ನಲವತ್ತಕ್ಕೆ ಒಂದು ಗೆರೆ ಮೇಲೆ. ಪೆನ್ನು ಓಡಿತು. ಬೆನ್ನ ಹಿಂದೆ ಯಾರೋ ಇಷ್ಟು ಹೊತ್ತು ಹಿಡಿದಿದ್ದ ಉಸಿರು ಬಿಟ್ಟರು, ಬಿಸಿಯಾಗಿ, ಚಹಾದ ವಾಸನೆಯ ಉಸಿರು, ಮೇಷ್ಟ್ರದೇ.

ಈಗಲ್ಲ, ಈಗ ಅದನ್ನೆಲ್ಲ ಯೋಚಿಸಬಾರದು, ಇನ್ನೂ ನಿಲ್ಲಿಸುವುದಿದೆ, ಕುವಾನೊ, ನಿಲುಗಡೆ, ಆದರೆ ಹಾಗಾದರೆ ಅವನು ರೈಲಿನವರ ಕೋಲು ಹಿಡಿದು ನಿಂತ ಕೂಲಿಯಾಳು, ರೈಲು ಬಗ್ಗಿಸಿದ ಕೈಯಲ್ಲ, ನೆಟ್ಟಗೆ ಹಿಡಿದ ಕೈ ಅಷ್ಟೇ, ಅಜ್ಜಿಗೆ ಇದನ್ನು ಹೇಳಿದ್ದರೆ ಬೇಜಾರಾಗುತ್ತಿತ್ತೋ ಏನೋ, ಊರು ಬೈದದ್ದೂ ಹೋಯಿತು, ಅವಳ ಹೆಮ್ಮೆಯೂ ಹೋಯಿತು, ಮತ್ತೆ ಅವನೇಕೆ ಬಾಯಿ ಬಿಡಲಿಲ್ಲ, ನಾನಲ್ಲ, ನೆಲ ಏರಿದೆ, ಎನ್ನಬಹುದಿತ್ತಲ್ಲ, ಹೇಳಿದನೋ, ಯಾರೂ ಕೇಳಲಿಲ್ಲವೋ, ಇಂಥ ಸಪಾಟು ಬಯಲನ್ನು ಏರು ಎಂದರೆ ಯಾರು ನಂಬುತ್ತಾರೆ, ಇಲ್ಲ ಅಟ್ಟಿದವನು ಎನ್ನಿಸಿಕೊಳ್ಳುವುದೇ ಅವನಿಗೂ ಹಿತವಾಗಿತ್ತೋ, ಹುಳು ಮಲಗಿರ್ತವೆ, ಸದ್ದು ಮಾಡಬೇಡಿ ಎಂದು ಮಾತು ತೆಗೆದುಕೊಂಡವನೂ ಅವನೇ ಇರಬಹುದೋ, ಕೂಲಿಯ ಬದಲು ಅದನ್ನೇ ಕೇಳಿದನೋ, ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ, ನೋಡಿದೆ ಅಂದುಕೊಂಡದ್ದು ಅಷ್ಟೇ ಇರಬಹುದು ಇದೂ — ಬ್ರೇಕು ಒಂದು ಹಿಡಿ, ಬಿಡು, ಗೂಡಿನ ಕಾಲದ ಉದ್ದನೆಯ ಪ್ಲಾಟ್‌ಫಾರ್ಮು, ಹತ್ತಿ ಉಳಿಸಿ ಬಟ್ಟೆ, ಹೂಕುಂಡಕ್ಕೆ ನೀರು ಹಾಕುತ್ತಿದ್ದ ಊರಿನ ಹೆಂಗಸೊಬ್ಬಳು ಕ್ಯಾನು ಹಿಡಿದೇ ನಿಂತು ನೋಡುತ್ತಾಳೆ, ಬಟ್ಟಲು ಇಟ್ಟ ಹಾಗೆ, ತುಳುಕದ ಹಾಗೆ, ನಿಂತಿತು, ಗುರುತಿನ ಕಲ್ಲಿನ ಮೇಲೆಯೇ ನಿಂತಿತು. ಶಿನೊಹಾರಾ ಮುಚ್ಚಳವನ್ನು ಚೀಲದೊಳಗೆ ಹಾಕಿ ಜಿಪ್ಪು ಎಳೆದರು, ವಾಪಸು ಹೋಗುವಾಗ ಇದು ಬೇಕಾಗೋದಿಲ್ಲ, ಎಂದರು, ಹಾಗೆಂದರೇನು ಎಂದು ಅವಳಿಗೆ ತಿಳಿಯುವ ಮೊದಲೇ ಒಗಿವಾರಾ ಸೀಟಿನ ಬೆನ್ನಿಗೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿದರು, ಪಾಸಾದವರಿಗೆ ಅವರು ಕುಟ್ಟುವುದು ಹಾಗೇ, ಡಿಪೋದಲ್ಲಿ ಎಲ್ಲರಿಗೂ ಗೊತ್ತು, ಕೊಹಾರುವಿಗೆ ಕೈ ಬೀಸಬಾರದು, ಬೆಳಗಿನ ಮೊದಲ ರೈಲು, ಕೈ ಬೀಸಬಾರದು, ಕಣ್ಣು ಮಂಜಾಯಿತು, ಕೈಗವಸಿನಿಂದ ಒರೆಸಿಕೊಳ್ಳಲಿಲ್ಲ, ಕೈ ಹಿಡಿಯ ಮೇಲೇ ಇತ್ತು. ಅಷ್ಟರಲ್ಲಿ ಶಿನೊಹಾರಾ, ಮಾತಾಡುವ ಮನುಷ್ಯನೇ ಇವರು ಎನ್ನಿಸುವಷ್ಟು ಮೆದುವಾಗಿ, ಆ ತಿರುವಿಗೆ ಕಳೆದ ಸಲ ಏನೋ ಹೆಸರು ಹೇಳಿದ್ರಲ್ಲಾ, ಯಾರೋ ನಿಮ್ಮವರು, ಏನು ಮಾಡಿದ್ರು ಅಂದಿರಿ ಅವರು, ಎಂದು ಕೇಳಿದರು, ಬರಿಯ ಕುತೂಹಲ, ಪೆನ್ನು ಜೇಬಿನಲ್ಲಿತ್ತು, ನಮ್ಮ ಮುತ್ತಜ್ಜ ಸಾರ್, ಎಂದಳು ಸಾವಾಕೊ, ಗೆಂಜಿರೊ ಅಂತ, ಅವರು, ಎಂದಳು, ಮುಂದಿನ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು, ಮೂರು ತಲೆಮಾರು ಬಳಸಿ ನುಣುಪಾದ ಮಾತು, ಹೊರಗೆ ಬರಲಿಲ್ಲ, ಅದರ ಜಾಗಕ್ಕೆ ಬೇರೆಯದೂ ಬರಲಿಲ್ಲ, ಬಲಗಿಟಕಿಯಲ್ಲಿ ಬಂದ ದಾರಿ ಕಾಣುತ್ತಿತ್ತು, ಮೆಟ್ಟಿಲು ಮೆಟ್ಟಿಲಾಗಿ ಇಳಿದ ನೀರು, ಮುಷ್ಟಿ ತಲೆಯ ಮರ, ಮರದ ಪಕ್ಕದಲ್ಲಿ ಒಬ್ಬ ಗಂಡಸು, ಎರಡೂ ಕೈಯಲ್ಲಿ ಬಿದಿರನ್ನು ನೆಟ್ಟಗೆ ಹಿಡಿದಿದ್ದಾನೆ, ಬಾಯಿ ತೆರೆದಿದ್ದಾನೆ, ಒಂದು ಪುಟ್ಟ ಹುಡುಗಿ ತುದಿಗಾಲಲ್ಲಿ ನಿಂತು ಅವನ ಬಾಯಿಗೆ ಅನ್ನದುಂಡೆ ಎತ್ತಿ ಹಿಡಿದಿದ್ದಾಳೆ, ಬಿದಿರು ಅಲ್ಲಾಡುತ್ತಿಲ್ಲ, ಕೈ ಬಿಡೋ ಹಾಗಿಲ್ಲ ಮಗಾ, ಬಿದಿರು ಅಲ್ಲಾಡುತ್ತಿಲ್ಲ